ಸಾಮೂಹಿಕ ಅಡುಗೆಯ ಹಳೇ ಫೋಟೋಗಳು, ಲೆಕ್ಕದ ಪುಸ್ತಕ: ಕಾಲ ಪತ್ತೆ ಹಚ್ಚುವುದು ಹೇಗೆ?

ಹಳೇಪೆಟ್ಟಿಗೆ:
ಸಂಘವೊಂದರ ಪೆಟ್ಟಿಗೆಯಲ್ಲಿ ಸುಮಾರು 80 ಫೋಟೋಗಳಿವೆ. ದೊಡ್ಡ ಪಾತ್ರೆಗಳ ಮುಂದೆ ನಿಂತ ಅಡುಗೆಯವರು, ತರಕಾರಿ ಹೆಚ್ಚುವವರು, ಸಾಲಾಗಿ ಊಟಕ್ಕೆ ಕೂತವರು. ಯಾವುದರ ಮೇಲೂ ತಾರೀಖಿಲ್ಲ. ಕೆಲವು ದಪ್ಪ ರಟ್ಟಿಗೆ ಅಂಟಿಸಿದವು, ಹಳದಿ ತಿರುಗಿವೆ. ಕೆಲವುದರ ಕಪ್ಪು ಭಾಗದಲ್ಲಿ ಬೆಳ್ಳಿಯಂಥ ಹೊಳಪು. ಒಂದು ಲಕೋಟೆಯಲ್ಲಿ ಸುರುಟಿಕೊಂಡ ನೆಗೆಟಿವ್‌ಗಳು, ವಿನೆಗರ್ ವಾಸನೆ. ಜೊತೆಗೆ ಕೈಬರಹದ ಅಡುಗೆ ಪುಸ್ತಕ ಮತ್ತು ಖರ್ಚಿನ ಪುಸ್ತಕ. ಕಾಲ ಗುರುತಿಸುವುದು ಹೇಗೆ, ಸ್ಕ್ಯಾನ್ ಯಾವ ಮಟ್ಟದಲ್ಲಿ, ಬರಹವನ್ನು ಎಷ್ಟು ನಂಬಬಹುದು?

ಕತ್ತಲೆಕೋಣೆ:
ಮೊದಲು ಆ ಲಕೋಟೆಯನ್ನು ಪೆಟ್ಟಿಗೆಯಿಂದ ಹೊರಗಿಡಿ, ಉಳಿದದ್ದು ಆಮೇಲೆ. ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮ್. ಕೊಳೆಯುವಾಗ ಹೊರಬರುವ ಆಮ್ಲವೇ ಕೊಳೆತವನ್ನು ಇನ್ನಷ್ಟು ಜೋರು ಮಾಡುತ್ತದೆ, ಪಕ್ಕದ ಫಿಲ್ಮಿಗೂ ಹಬ್ಬುತ್ತದೆ. ಫಿಲ್ಮಿನ ತಳ ಕುಗ್ಗುತ್ತಾ ಹೋದಂತೆ ಮೇಲಿನ ಚಿತ್ರದ ಪದರ ನೆರಿಗೆಗಟ್ಟುತ್ತದೆ, ಆಮೇಲೆ ಸ್ಕ್ಯಾನ್ ಮಾಡಿ ಪ್ರಯೋಜನವಿಲ್ಲ. ಹಾಗಾಗಿ ಸ್ಕ್ಯಾನಿಂಗ್ ಇವುಗಳಿಂದಲೇ ಶುರುವಾಗಲಿ.

ಅಂಚಿನಲ್ಲಿ "ಸೇಫ್ಟಿ" ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದೆಯೇ ನೋಡಿ. ಅದಿಲ್ಲದೆ, ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಿದ್ದರೆ ನೈಟ್ರೇಟ್, ಅಂದರೆ ಬೇಗ ಹೊತ್ತಿಕೊಳ್ಳುವ ಹಳೇ ಬಗೆಯ ಫಿಲ್ಮ್, ಇರಬಹುದು. ಕೊಡಾಕ್ 1951ರವರೆಗೂ ಅದನ್ನು ತಯಾರಿಸುತ್ತಿತ್ತು. ಹೊತ್ತಿಕೊಂಡರೆ ತನ್ನ ಆಮ್ಲಜನಕವನ್ನು ತಾನೇ ಒದಗಿಸಿಕೊಂಡು ಉರಿಯುತ್ತದೆ, ಮುಚ್ಚಿದರೂ ಆರುವುದಿಲ್ಲ. "ತುಂಡು ಸುಟ್ಟು ನೋಡಿ" ಎನ್ನುವ ಸಲಹೆಯನ್ನು ದಯವಿಟ್ಟು ಕೇಳಬೇಡಿ.

ಪ್ರಿಂಟ್‌ಗಳ ವಿಷಯ. ಹತ್ತು ಪಟ್ಟಿನ ಭೂತಗನ್ನಡಿ ಸಾಕು. ತೆಳು ಕಾಗದ, ರಟ್ಟಿನ ಮೇಲೆ ಅಂಟಿಸಿದ್ದು, ಬಿಳಿ ಭಾಗ ಹಳದಿ, ಕಾಗದದ ನಾರು ಕಾಣುತ್ತದೆ ಎಂದರೆ ಅಲ್ಬ್ಯುಮೆನ್ ಪ್ರಿಂಟ್. ಮೊಟ್ಟೆಯ ಬಿಳಿಯ ಲೇಪ ಬಳಸುವ ಈ ವಿಧಾನ 1850ರಲ್ಲಿ ಬಂತು, 1890ರ ದಶಕದ ಹೊತ್ತಿಗೆ ಹಿಂದೆ ಸರಿಯಿತು. ನಾರು ಕಾಣದೆ, ಕಪ್ಪು ಭಾಗದಲ್ಲಿ ಬೆಳ್ಳಿ ಹೊಳಪಿದ್ದರೆ ಹೆಚ್ಚಾಗಿ ಜೆಲಾಟಿನ್ ಪ್ರಿಂಟ್ (ಜೆಲಾಟಿನ್ ಪದರದಲ್ಲಿ ಬೆಳ್ಳಿಯ ಕಣಗಳಿಂದ ಮೂಡಿದ ಚಿತ್ರ), 1880ರ ದಶಕದಿಂದೀಚಿನದು. ಆ ಹೊಳಪನ್ನು ಉಜ್ಜಿ ತೆಗೆಯಲು ಹೋಗಬೇಡಿ, ಅದು ಚಿತ್ರದ ಬೆಳ್ಳಿಯೇ. ಅತಿನೇರಳೆ ಟಾರ್ಚಿನಲ್ಲಿ ಕಾಗದ ನೀಲಿಯಾಗಿ ಹೊಳೆದರೆ ಸುಮಾರು 1950ರ ನಂತರದ ಕಾಗದ. ಹೊಳೆಯದಿದ್ದರೆ ಏನೂ ಸಾಬೀತಾಗುವುದಿಲ್ಲ.

ಬಿಂಬ:
ಕಾಗದ ಹೇಳುವುದು ಪ್ರಿಂಟ್ ಹಾಕಿದ ಕಾಲವನ್ನು. ಫೋಟೋ ತೆಗೆದ ಕಾಲ ಬೇರೆಯೇ ಇರಬಹುದು, ಹಳೇ ನೆಗೆಟಿವ್‌ನಿಂದ ಮೂವತ್ತು ವರ್ಷ ಬಿಟ್ಟೂ ಪ್ರಿಂಟ್ ಹಾಕುತ್ತಾರೆ. ಪಾತ್ರೆ ನೋಡಿ ಕಾಲ ನಿರ್ಧರಿಸುವುದಂತೂ ಬೇಡವೇ ಬೇಡ. ದೊಡ್ಡ ಪಾತ್ರೆಗಳು ಎರಡು ತಲೆಮಾರು ಬಾಳುತ್ತವೆ. ಚಿತ್ರದಲ್ಲಿರುವ ಅತಿ ಹೊಸ ವಸ್ತು ಯಾವುದು ಎಂದು ಹುಡುಕಿ: ವಿದ್ಯುತ್ ತಂತಿ, ಪ್ಲಾಸ್ಟಿಕ್ ಬಕೆಟ್, ಗೋಡೆಯ ಮೇಲಿನ ಕ್ಯಾಲೆಂಡರ್. ಚಿತ್ರ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ.

ಇನ್ನೊಂದು, ಬೆಳಕು. ಮೆಗ್ನೀಸಿಯಂ ಫ್ಲ್ಯಾಶ್ ಪುಡಿ ಬಂದದ್ದು 1887ರಲ್ಲಿ, ಫ್ಲ್ಯಾಶ್ ಬಲ್ಬು 1930ರ ಹೊತ್ತಿಗೆ. ಅದಕ್ಕೂ ಮುಂಚೆ ಕತ್ತಲ ಅಡುಗೆಮನೆಯ ಚಿತ್ರಕ್ಕೆ ಎಷ್ಟೋ ಸೆಕೆಂಡು ಲೆನ್ಸ್ ತೆರೆದಿಡಬೇಕಿತ್ತು. ಆದ್ದರಿಂದ ಪಾತ್ರೆಗಳನ್ನು ಅಂಗಳಕ್ಕೆ ತಂದು ಜೋಡಿಸಿ ತೆಗೆದ ಚಿತ್ರಗಳೇ ಹೆಚ್ಚು. ಹಬೆ ಮಸುಕಾಗಿದ್ದು ಸೌಟು ಹಿಡಿದ ಕೈ ಮಾತ್ರ ಸ್ಪಷ್ಟವಾಗಿದ್ದರೆ ಆ ಕೈ ಅಲುಗದೆ ನಿಂತಿತ್ತು ಎಂದರ್ಥ. "ಆಗ ಬಯಲಲ್ಲೇ ಅಡುಗೆ ಮಾಡುತ್ತಿದ್ದರು" ಎಂದು ಅಂಥ ಫೋಟೋ ತೋರಿಸಿ ಬರೆದುಬಿಡುವುದು ಮಾಮೂಲಿ ತಪ್ಪು. ಕೆಳಗೆ ಬೂದಿ, ಮಸಿ, ಸೌದೆ ಇದೆಯೇ ಮೊದಲು ನೋಡಿ.

ಸ್ಕ್ಯಾನಿಗೆ: ಪ್ರಿಂಟ್ ಆದರೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ), ಅಂಗೈಗಿಂತ ಚಿಕ್ಕದಾದರೆ 1200, 35 ಮಿಮೀ ನೆಗೆಟಿವ್ 3000ದಿಂದ 4000. ಕಪ್ಪು-ಬಿಳುಪಾದರೂ ಬಣ್ಣದಲ್ಲೇ ಮಾಡಿ, ಹಳದಿಯ ಛಾಯೆಯೂ ಪುರಾವೆ. ಮೂಲ ಪ್ರತಿ ಟಿಫ್, ಹಂಚಲು ಜೆಪೆಗ್. ಅಂಚು ಕತ್ತರಿಸಬೇಡಿ, ಹಿಂಬದಿಯನ್ನೂ ಬಿಡಬೇಡಿ. ಪೆಟ್ಟಿಗೆಯಲ್ಲಿದ್ದ ಕ್ರಮದಲ್ಲೇ 001, 002 ಎಂದು ಹೆಸರಿಡಿ. ವಿಷಯವಾರು ವಿಂಗಡಿಸಿದರೆ ಒಂದೇ ದಿನದ ಚಿತ್ರಗಳು ಚದುರಿಹೋಗುತ್ತವೆ, ಮತ್ತೆ ಕೂಡಿಸಲಾಗದು.

ಕಡತಪ್ರಿಯ:
ಖರ್ಚಿನ ಪುಸ್ತಕದಲ್ಲಿರುವುದು ಕೊಂಡದ್ದು, ಬೇಯಿಸಿದ್ದಲ್ಲ. ಹಿಟ್ಟನ್ನು ತಲೆಗಳ ಲೆಕ್ಕದಿಂದ ಭಾಗಿಸಿದಾಗ ಒಬ್ಬರಿಗೆ ಒಂದು ಕಿಲೋ ಬಂದರೆ ಖರೀದಿ ಹಲವು ದಿನಗಳದ್ದು, ಇಲ್ಲವೇ ತಲೆಲೆಕ್ಕದಲ್ಲಿ ಮಕ್ಕಳು, ಬಡಿಸುವವರು ಸೇರಿಲ್ಲ. ದಾನವಾಗಿ ಬಂದ ಸಾಮಾನು, ಸೌದೆ ಹಲವು ಪುಸ್ತಕಗಳಲ್ಲಿ ಏರುವುದೇ ಇಲ್ಲ.

ಅಡುಗೆ ಪುಸ್ತಕದಲ್ಲಿ ಅಳತೆಯೇ ಬಲೆ. ಬ್ರಿಟಿಷ್ ಪಿಂಟ್ 568 ಮಿಲಿ, ಅಮೆರಿಕದ್ದು 473. ಐವತ್ತು ಪಿಂಟ್ ಆಗುವಷ್ಟರಲ್ಲಿ ವ್ಯತ್ಯಾಸ ನಾಲ್ಕೂಮುಕ್ಕಾಲು ಲೀಟರ್. ಹಾಗಾಗಿ ನಕಲು ಮಾಡುವಾಗ ಬರೆದ ಅಳತೆಯನ್ನು ಬರೆದ ಹಾಗೇ ಇಳಿಸಿ, ನಿಮ್ಮ ಪರಿವರ್ತನೆ ಪಕ್ಕದ ಕಾಲಂನಲ್ಲಿರಲಿ. ಜಿಡ್ಡಿನ ಕಲೆಯ ಪುಟವನ್ನು ಒರೆಸಬೇಡಿ, ಹೆಚ್ಚು ಮಾಡಿದ ಅಡುಗೆ ಯಾವುದೆಂದು ಅದೇ ಹೇಳುತ್ತದೆ. ಶಾಯಿ ಕಂದಾಗಿ ಕಾಗದ ತೂತು ಬಿದ್ದಿದ್ದರೆ ಅದು ಕಬ್ಬಿಣದ ಶಾಯಿ. ತೇವ ತಗುಲಿದರೆ ಹಾನಿ ಹರಡುತ್ತದೆ.

ಹಳೇಪೆಟ್ಟಿಗೆ:
ಫೋಟೋದಲ್ಲಿರುವವರ ಹೆಸರುಗಳನ್ನು ಎಲ್ಲಿ ಬರೆಯಲಿ?

ಬಿಂಬ:
ಬಾಲ್‌ಪೆನ್ ಬೇಡ, ಒತ್ತಿದ ಗೆರೆ ಚಿತ್ರದ ಬದಿಗೆ ಮೂಡುತ್ತದೆ. ಕಾಗದದ ಪ್ರಿಂಟ್ ಆದರೆ ಹಿಂಬದಿಯ ಅಂಚಿನಲ್ಲಿ ಮೆತ್ತನೆ ಪೆನ್ಸಿಲಿನಿಂದ ಸಂಖ್ಯೆ ಮಾತ್ರ. ಪ್ಲಾಸ್ಟಿಕ್ ಲೇಪದ ಪ್ರಿಂಟಿಗೆ ಪೆನ್ಸಿಲ್ ಹತ್ತದು, ಲಕೋಟೆಯ ಮೇಲೆ ಬರೆದು, ಶಾಯಿ ಒಣಗಿದ ಮೇಲೆ ಒಳಗಿಡಿ. ಹೆಸರು ಹೇಳಿಸುವಾಗ ಹಿರಿಯರ ಕೈಗೆ ದೊಡ್ಡದು ಮಾಡಿದ ಜೆರಾಕ್ಸ್ ಕೊಡಿ, ಮೂಲ ಬೇಡ. ಹೇಳಿದವರು ಯಾರು, ಯಾವ ದಿನ ಎಂಬುದೂ ದಾಖಲಾಗಲಿ. ಇಬ್ಬರು ಎರಡು ಹೆಸರು ಹೇಳಿದರೆ ಎರಡನ್ನೂ ಉಳಿಸಿಕೊಳ್ಳಿ.