ಹಲ್ಲಿನ ಕೀವಿಗೆ ಭೇದಿ ಮಾತ್ರೆ ಯಾಕೆ ಕೊಟ್ರು?

ಮಲ್ಲಿಗೆಹಳ್ಳಿ:
ನಮ್ಮಪ್ಪಂಗೆ 68 ವರ್ಷ, ಕೆಳಗಿನ ದವಡೆ ಹಲ್ಲಿನ ಬುಡದಲ್ಲಿ ಕೀವಾಗಿ ಕೆನ್ನೆ ಊದ್ಕೊಂಡಿತ್ತು, ಡೆಂಟಿಸ್ಟು ಕೀವು ತೆಗೆದು ಅಮಾಕ್ಸಿಸಿಲಿನ್ ಜೊತೆ ಮೆಟ್ರೋನಿಡಜೋಲ್ 400 ದಿನಕ್ಕೆ ಮೂರು ಹೊತ್ತು ಬರ್ಕೊಟ್ರು. ಇದು ಭೇದಿಗೆ ಕೊಡೋ ಮಾತ್ರೆ ಅಲ್ವಾ? ಊತ ಇಳಿದಿದೆ, ಆದ್ರೆ ಬಾಯೆಲ್ಲ ತುಕ್ಕು ಕಬ್ಬಿಣ ನೆಕ್ಕಿದ ಹಾಗಿದೆ ಅಂತ ಊಟಾನೇ ಮಾಡ್ತಿಲ್ಲ. ಇದೊಂದನ್ನ ನಿಲ್ಲಿಸಬಹುದಾ? ಹಲ್ಲು ಕೀಳಿಸೋದಂತೂ ಬೇಡ್ವೇ ಬೇಡ ಅಂತಿದಾರೆ.

ಒಸಡು_ಡಾಕ್ಟ್ರು:
ಹಲ್ಲಿನ ಬೇರಿನ ತುದೀಲಿ ಗಾಳಿ ಆಡಲ್ಲ, ಅಲ್ಲಿ ಬೆಳೆಯೋದ್ರಲ್ಲಿ ಆಮ್ಲಜನಕ ಇದ್ರೆ ಬದುಕದ ಬ್ಯಾಕ್ಟೀರಿಯಾನೇ ಜಾಸ್ತಿ, ಆ ಕೀವಿನ ಕೆಟ್ಟ ವಾಸನೆ ಅವುಗಳದ್ದೇ. ಮೆಟ್ರೋನಿಡಜೋಲ್ ಹಾಗೇ ಇದ್ರೆ ಏನೂ ಮಾಡಲ್ಲ, ಈ ಬ್ಯಾಕ್ಟೀರಿಯಾ ಒಳಗೆ ಹೋದ್ಮೇಲೆ ಅವೇ ಅದನ್ನ ಬದಲಾಯಿಸಿ ವಿಷ ಮಾಡ್ಕೊಂಡು ತಮ್ಮ ಡಿಎನ್‌ಎ ಹಾಳು ಮಾಡ್ಕೊಳ್ತವೆ. ಆಮ್ಲಜನಕ ಬಳಸೋ ಬ್ಯಾಕ್ಟೀರಿಯಾದಲ್ಲಿ ಹಾಗಾಗಲ್ಲ, ಅವಕ್ಕೆ ಅಮಾಕ್ಸಿಸಿಲಿನ್. ಮೊದಲು ಇದು ಜನನಾಂಗಕ್ಕೆ ಬರೋ ಟ್ರೈಕೊಮೊನಾಸ್ ಅನ್ನೋ ಪರಾವಲಂಬಿ ಸೋಂಕಿನ ಔಷಧಿ ಆಗಿತ್ತು, ಅದಕ್ಕೆ ಅಂತ ತಗೊಂಡ ಒಬ್ಬ ಹೆಂಗಸಿನ ಒಸಡಿನ ಹುಣ್ಣೂ ವಾಸಿ ಆಗಿದ್ದನ್ನ 1962ರಲ್ಲಿ ಡೇವಿಡ್ ಶಿನ್ ಅನ್ನೋ ಹಲ್ಲಿನ ಡಾಕ್ಟ್ರು ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಗೆ ಬರೆದ್ರು, ಆಮೇಲೇ ಇದು ಇಂಥ ಬ್ಯಾಕ್ಟೀರಿಯಾನ ಕೊಲ್ಲತ್ತೆ ಅಂತ ಗೊತ್ತಾಗಿದ್ದು. ಬಾಯಿ ರುಚಿ ಕೆಡೋದು ಮಾಮೂಲು, ಕೋರ್ಸ್ ಮುಗಿದ್ರೆ ಸರಿ ಹೋಗತ್ತೆ, ಊಟ ಆದ್ಮೇಲೆ ನುಂಗ್ಲಿ. ನಿಲ್ಲಿಸೋದಾದ್ರೆ ಬರ್ಕೊಟ್ಟವರನ್ನ ಕೇಳಿ. ಒಳಗಿನ ಸತ್ತ ನರಕ್ಕೆ ರಕ್ತ ಹರಿಯಲ್ಲ, ಅಲ್ಲಿಗೆ ಮಾತ್ರೆನೂ ಮುಟ್ಟಲ್ಲ, ರೂಟ್ ಕೆನಾಲ್ ಮಾಡಿಸ್ಬೇಕು ಇಲ್ಲ ಕೀಳಿಸ್ಬೇಕು, ಇಲ್ಲಾಂದ್ರೆ ಮತ್ತೆ ಊದತ್ತೆ.

ಕಾಫಿಪುಡಿ:
ಗಂಟಲ ಕೆಳಗೆ ಊತ ಬಂದು ನುಂಗಕ್ಕೆ, ಬಾಯಿ ತೆಗೆಯಕ್ಕೆ ಆಗ್ದಿದ್ರೆ ರಾತ್ರಿ ಆದ್ರೂ ಸೀದಾ ಎಮರ್ಜೆನ್ಸಿಗೆ ಹೋಗಿ, ಉಸಿರು ಕಟ್ಟತ್ತೆ.

ಮಾತ್ರೆಅಂಗಡಿ:
ಎಣ್ಣೆ ಅಭ್ಯಾಸ ಇದ್ರೆ ಕೋರ್ಸ್ ಮುಗಿದು ಮೂರು ದಿನದವರೆಗೂ ಬೇಡ. ಅದಿರ್ಲಿ, ಬೇರೆ ಏನೇನು ಮಾತ್ರೆ ತಗೋತಾರೆ?

ಮಲ್ಲಿಗೆಹಳ್ಳಿ:
ಕುಡಿಯಲ್ಲ. ಬಿಪಿದು, ಆಮೇಲೆ ಹಾರ್ಟ್ ವಾಲ್ವ್ ಹಾಕಿಸಿದಾಗಿಂದ ರಕ್ತ ತೆಳು ಮಾಡೋ ವಾರ್ಫರಿನ್. ಡೆಂಟಿಸ್ಟ್ ಕೇಳಿದ್ದಕ್ಕೆ ಬರೀ ಬಿಪಿ ಮಾತ್ರೆ ಅಂದಿದಾರಂತೆ ಮಹಾರಾಯರು!

ಮಾತ್ರೆಅಂಗಡಿ:
ಅಯ್ಯೋ, ಮುಖ್ಯವಾದದ್ದನ್ನೇ ಬಿಟ್ರಲ್ಲ. ಮೆಟ್ರೋನಿಡಜೋಲ್ ಜೊತೆ ವಾರ್ಫರಿನ್ ಪವರ್ ಏರತ್ತೆ, ಊಟ ಬಿಟ್ರೆ ಇನ್ನೂ. ಇವತ್ತೇ ರಕ್ತ ಹೆಪ್ಪುಗಟ್ಟಕ್ಕೆ ಎಷ್ಟು ಹೊತ್ತು ಹಿಡಿಯತ್ತೆ ಅಂತ ನೋಡೋ ಐಎನ್‌ಆರ್ ಟೆಸ್ಟ್ ಮಾಡಿಸಿ, ಇಬ್ರು ಡಾಕ್ಟ್ರಿಗೂ ಫೋನ್ ಮಾಡಿ. ಒಸಡಲ್ಲಿ ರಕ್ತ, ಕಪ್ಪು ಮಲ, ಮೈಮೇಲೆ ನೀಲಿ ಕಲೆ ಕಂಡ್ರೆ ಕಾಯ್ಬೇಡಿ. ನೀವೇ ಡೋಸ್ ಕಡಿಮೆ ಮಾಡಕ್ಕೂ ಹೋಗ್ಬೇಡಿ.

ಮಲ್ಲಿಗೆಹಳ್ಳಿ:
ಐಎನ್‌ಆರ್ 4.8 ಬಂತು, ಅಂದ್ರೆ ರಕ್ತ ಬೇಕಾದ್ದಕ್ಕಿಂತ ಜಾಸ್ತಿ ತೆಳು ಆಗಿದೆಯಂತೆ. ಹಾರ್ಟ್ ಡಾಕ್ಟ್ರು ಇವತ್ತಿನ ವಾರ್ಫರಿನ್ ಬಿಡಿ, ನಾಳೆ ಮತ್ತೆ ಟೆಸ್ಟ್ ಅಂದ್ರು. ಡೆಂಟಿಸ್ಟು ಮೆಟ್ರೋನಿಡಜೋಲ್ ನಿಲ್ಸಿ ಬೇರೆ ಮಾತ್ರೆ ಕೊಟ್ರು. ಹಲ್ಲು ಕೀಳಿಸಕ್ಕೂ ಅಪ್ಪ ಒಪ್ಪಿದಾರೆ, ಗೌರಿ ಹಬ್ಬ ಆದ್ಮೇಲಂತೆ.

ಒಸಡು_ಡಾಕ್ಟ್ರು:
ವಾಲ್ವ್ ಹಾಕ್ಸಿರೋರು ಹಬ್ಬ ನೋಡ್ಕೊಂಡು ಕೂರೋ ಹಾಗಿಲ್ಲ, ಬಾಯಿಯ ಸೋಂಕು ರಕ್ತದಲ್ಲಿ ಹೋಗಿ ವಾಲ್ವಲ್ಲಿ ಕೂತ್ಕೊಳ್ಬಹುದು. ಐಎನ್‌ಆರ್ ಇಳಿದ ತಕ್ಷಣ ಡೇಟ್ ಹಾಕ್ಸಿ, ಕೀಳೋ ಮುಂಚೆ ಕೊಡೋ ಆ್ಯಂಟಿಬಯಾಟಿಕ್ ಬಗ್ಗೆನೂ ಕೇಳಿ.