ಆಯಿಲ್ ‘ಸುಟ್ಟಿದೆ’ ಅಂದರೆ ಏನಾಗಿದೆ?

ಎಲ್ಲರಿಗೂ ನಮಸ್ಕಾರ.

ನಮ್ಮ ಶಿರಸಿ ಕಡೆ ಗ್ಯಾರೇಜಿನಲ್ಲಿ ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ನೋಡುತ್ತಾರೆ. ಕಪ್ಪು ಕಂಡರೆ ಸಾಕು, ‘ಆಯಿಲ್ ಸುಟ್ಟೋಗಿದೆ’ ಅನ್ನುತ್ತಾರೆ. ಗಾಡಿ ದೇವಿಮನೆ ಘಟ್ಟ ಹತ್ತಿ ಬಂದಿದ್ದರಂತೂ ಮುಗೀತು, ಎಂಜಿನ್ ಕಾದು ಹೀಗಾಯ್ತು ಅಂತ ಓನರೂ ನಂಬಿಬಿಡುತ್ತಾನೆ. ಹೊಸದಾಗಿ ಕಾರು ಕೊಂಡವರಿಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ಈ ‘ಸುಡು’ ತೊಡಕಾಗಿದೆ.

ಯಾಕೆ ಅಂದರೆ, ಕಪ್ಪಾಗುವುದೇ ಬೇರೆ, ಕಾವಿಗೆ ಕೆಡುವುದೇ ಬೇರೆ. ಡೀಸೆಲ್ ಗಾಡಿಗೆ ಹೊಸ ಆಯಿಲ್ ಹಾಕಿ ಕೆಲವು ನೂರು ಕಿಲೋಮೀಟರ್ ಓಡಿಸಿ ನೋಡಿ, ಆಗಲೇ ಕಪ್ಪಾಗಿರುತ್ತದೆ. ಅದು ಡೀಸೆಲ್ ಉರಿದಾಗ ಬರುವ ಮಸಿ. ಆ ಮಸಿ ಎಂಜಿನ್ ಒಳಗೆ ಅಂಟಿಕೊಳ್ಳದ ಹಾಗೆ, ಒಂದು ಕಡೆ ಗಟ್ಟಿಯಾಗಿ ಕೂರದ ಹಾಗೆ ತೇಲಿಸಿಟ್ಟುಕೊಳ್ಳಲೆಂದೇ ಆಯಿಲ್‌ಗೆ ಡಿಟರ್ಜೆಂಟ್, ಡಿಸ್ಪರ್ಸೆಂಟ್ ಬೆರೆಸಿರುತ್ತಾರೆ. ಕಣಗಳು ಎಷ್ಟು ಸಣ್ಣ ಅಂದರೆ ಫಿಲ್ಟರ್‌ಗೂ ಹೆಚ್ಚಿನವು ಸಿಗುವುದಿಲ್ಲ. ಅಂದರೆ ಕಪ್ಪಾದ ಆಯಿಲ್ ಹೆಚ್ಚಾಗಿ ತನ್ನ ಕೆಲಸ ತಾನು ಮಾಡುತ್ತಿದೆ ಅಷ್ಟೇ. ಸಿಎನ್‌ಜಿ ಗಾಡಿಯಲ್ಲಿ ಇದರ ಉಲ್ಟಾ. ಮಸಿ ಕಮ್ಮಿ, ಹಾಗಾಗಿ ಆಯಿಲ್ ಬಹಳ ದಿನ ತಿಳಿಯಾಗಿಯೇ ಕಾಣುತ್ತದೆ. ಆದರೆ ಹಳತಾಗುವುದು ಬಿಡುವುದಿಲ್ಲ.

ಕಾವಿಗೂ ಬಣ್ಣ ಗಾಢವಾಗುತ್ತದೆ, ಸುಳ್ಳಲ್ಲ. ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಸಂಪ್‌ನಲ್ಲಿ ಸುಮಾರು 100 ಡಿಗ್ರಿ ಬಿಸಿ ಮಾಮೂಲು. ಅದಕ್ಕಿಂತ ತುಂಬಾ ಜಾಸ್ತಿ ಕಾದು, ಅದೂ ಬಹಳ ಹೊತ್ತು, ಆಯಿಲ್ ಕೆಟ್ಟರೆ ಬೇರೆ ಗುರುತುಗಳಿವೆ: ದಪ್ಪಗಾಗುತ್ತದೆ, ಆಯಿಲ್ ಹಾಕುವ ಮುಚ್ಚಳದ ಒಳಗೆ ಕಂದು ಬಣ್ಣದ ಅಂಟು ಕೂರುತ್ತದೆ, ಮೂಗಿನ ಹತ್ತಿರ ಹಿಡಿದರೆ ಸೀದ ವಾಸನೆ ಬರುತ್ತದೆ. ಬರೀ ಬಣ್ಣ ನೋಡಿ ಇದನ್ನು ಹೇಳುವುದು ಆಗದ ಮಾತು.

ಹಾಗಾಗಿ ಮೊದಲನೆಯದಕ್ಕೆ ‘ಮಸಿ ಹಿಡಿದಿದೆ’, ಎರಡನೆಯದಕ್ಕೆ ‘ಸೀದಿದೆ’ ಅಂತ ಬರೆದರೆ ಹೇಗೆ? ಅನ್ನ, ಹಾಲು ಸೀಯುತ್ತದೆ, ಬಿಸಿಲಿಗೆ ಪೈರೂ ಸೀದುಹೋಗುತ್ತದೆ. ಎಂಜಿನ್ ಆಯಿಲ್‌ಗೆ ಹೇಳಿದರೆ ಕಿವಿಗೆ ಒಗ್ಗುತ್ತದಾ? ‘ಕರಿ ಆಯಿಲ್’ ಅನ್ನೋಣ ಅಂದರೆ, ನಮ್ಮಲ್ಲಿ ಅದು ಗೆದ್ದಲು ಹಿಡಿಯದಿರಲಿ ಅಂತ ಬೇಲಿ ಗೂಟಕ್ಕೆ ಬಳಿಯುವ ಹಳೇ ಆಯಿಲ್. ಓದಿದವರು ಚೆಲ್ಲುವ ಮಾಲು ಅಂದುಕೊಳ್ಳುತ್ತಾರೆ. ನೀಲಿ ಹೊಗೆ ಬಿಡುತ್ತಾ ಆಯಿಲ್ ಮಟ್ಟ ಇಳಿಯುತ್ತಿದ್ದರೆ ‘ಗಾಡಿ ಆಯಿಲ್ ತಿನ್ನುತ್ತದೆ’ ಅನ್ನುವ ಮಾತು ಇದ್ದೇ ಇದೆ, ಅದರಲ್ಲಿ ತಕರಾರಿಲ್ಲ.

ಕಾರವಾರ, ಅಂಕೋಲಾ, ಭಟ್ಕಳದ ಕಡೆ ಮೆಕ್ಯಾನಿಕ್‌ಗಳು ಏನನ್ನುತ್ತಾರೆ? ಅರೆಬೈಲ್ ಘಟ್ಟದಲ್ಲಿ ದಿನಾ ಲಾರಿ ಓಡಿಸುವವರ ಬಾಯಲ್ಲಿ ಇದಕ್ಕಿಂತ ಒಳ್ಳೆಯ ಮಾತು ಇದ್ದರೂ ಇರಬಹುದು. ಗೊತ್ತಿದ್ದವರು ಅವರು ಆಡುವ ಹಾಗೇ ಬರೆದು ಕಳಿಸಿ, ತಿದ್ದಬೇಡಿ.