ಸಹಾಯ ಬೇಕು: ಬರಿಯ ‘ಕಲ್ಯಾಣ’ ಎಂದು ಬರೆದರೆ ಯಾವ ಊರು?

ಗುಂಪಿನ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆಂದು ಒಂದೇ ಹೆಸರಿನ ಊರುಗಳ ಕುರಿತು ಟಿಪ್ಪಣಿ ಸಿದ್ಧಪಡಿಸುತ್ತಿದ್ದು, ‘ಕಲ್ಯಾಣ’ದ ವಿಷಯದಲ್ಲಿ ತಮ್ಮ ನೆರವು ಬೇಕಾಗಿದೆ.

11ನೆಯ ಶತಮಾನದಲ್ಲಿ ಚಾಲುಕ್ಯರ ಒಂದನೆಯ ಸೋಮೇಶ್ವರನು ಮಾನ್ಯಖೇಟದಿಂದ ತನ್ನ ರಾಜಧಾನಿಯನ್ನು ಒಯ್ದ, ಮುಂದಿನ ಶತಮಾನದಲ್ಲಿ ಬಸವಣ್ಣನವರೂ ಶರಣರೂ ನೆಲೆಸಿದ್ದ ಬೀದರ್ ಜಿಲ್ಲೆಯ ಊರು ಇಂದು ಬಸವಕಲ್ಯಾಣ. ಠಾಣೆ ಜಿಲ್ಲೆಯ ಕಲ್ಯಾಣವೋ ಬೇರೆಯೇ ಆದ ಹಳೆಯ ಬಂದರು. ಗ್ರೀಕ್ ಭಾಷೆಯ ‘ಪೆರಿಪ್ಲಸ್’ ಎಂಬ ಪ್ರಾಚೀನ ಕಡಲಯಾನದ ಕೈಪಿಡಿಯಲ್ಲಿಯೂ ಅದರ ಪ್ರಸ್ತಾಪವಿದೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬೈ ಕಡೆಗೆ ಹೊರಟ ಕಲಬುರಗಿಯವರು ‘ಕಲ್ಯಾಣದಲ್ಲಿ ಇಳಿಯುತ್ತೇನೆ’ ಎಂದರೆ ಯಾವ ಊರೆಂದು ಯಾರೂ ಕೇಳುವುದಿಲ್ಲ, ಆದರೆ ಬರವಣಿಗೆಯಲ್ಲಿ ಆ ಅನುಕೂಲವಿಲ್ಲ. 2019ರಲ್ಲಿ ಹೈದರಾಬಾದ್ ಕರ್ನಾಟಕವು ‘ಕಲ್ಯಾಣ ಕರ್ನಾಟಕ’ವಾದ ಮೇಲಂತೂ ಒಂದಿಡೀ ಪ್ರದೇಶವೇ ಈ ಹೆಸರಿನೊಳಗೆ ಬಂದಿದೆ. (ಬಂಗಾಳದ ಕಲ್ಯಾಣಿ ಪಟ್ಟಣವನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ.)

ಠಾಣೆಯ ಊರನ್ನು ‘ಕಲ್ಯಾಣ್’ ಎಂದು ಬರೆದು ಬೇರ್ಪಡಿಸುವುದು ನನಗೆ ತುಸು ಕೃತಕವೆನಿಸುತ್ತದೆ, ತಮ್ಮ ಅಭಿಪ್ರಾಯವೇನು? ಶಾಸನಪಾಠಗಳಲ್ಲಿ ಬರಿಯ ‘ಕಲ್ಯಾಣ’ವೆಂದಿದ್ದಾಗ ಯಾವ ಸುಳಿವಿನಿಂದ ಊರನ್ನು ಗುರುತಿಸುತ್ತಾರೆ? ಬಸವಕಲ್ಯಾಣದ ಸುತ್ತಲಿನವರು ದಿನಬಳಕೆಯಲ್ಲಿ ತಮ್ಮ ಊರನ್ನು ಏನೆಂದು ಕರೆಯುತ್ತಾರೆ ಎಂಬುದನ್ನೂ ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.